ಹೆಗಲು ತಡೆಯುವಷ್ಟೇ ಕೋವಿ: ಎಲ್ಕ್ ಬೇಟೆಗೆ ತೋಟಾ, ಗುಂಡು ಆರಿಸುವ ಬಗೆ

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಮೊದಲ ಸಲ ಎಲ್ಕ್ ಬೇಟೆಗೆ ಹೊರಡುವವರು ಕೇಳುವ ಮೊದಲ ಪ್ರಶ್ನೆ, "ಯಾವ ರೈಫಲ್ ತಗೊಳ್ಳಲಿ?" ಅಂಗಡಿಯಲ್ಲಿ ಕೇಳಿದರೂ, ಆಫೀಸಿನಲ್ಲಿ ಪಕ್ಕದ ಸೀಟಿನವರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಎಲ್ಕ್ ದೊಡ್ಡ ಪ್ರಾಣಿ, ಗಟ್ಟಿ ಪ್ರಾಣಿ. ಸುಮ್ನೆ ಒಂದು ಮ್ಯಾಗ್ನಂ ತಗೊಂಡುಬಿಡು." ಮ್ಯಾಗ್ನಂ ಅಂದರೆ ಹೆಚ್ಚು ಮದ್ದು ಹಿಡಿಯುವ ದೊಡ್ಡ ತೋಟಾ ಹಾರಿಸುವ ರೈಫಲ್. ಒಳ್ಳೆ ಮನಸ್ಸಿನಿಂದಲೇ ಬರುವ ಮಾತು ಇದು. ಆದರೆ ಹೊಸಬರನ್ನು ಇದರಷ್ಟು ದಾರಿ ತಪ್ಪಿಸುವ ಸಲಹೆ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ದೊಡ್ಡ ತೋಟಾ ಹೆಗಲಿಗೆ ಕೊಡುವ ಏಟು ನಿಶ್ಚಿತ. ಅದರಿಂದ ಸಿಗುವ ಲಾಭ ಮಾತ್ರ ಬಹಳ ಸಣ್ಣದು.

ಮೊದಲು ಪ್ರಾಣಿಯ ಬಗ್ಗೆ ಎರಡು ಮಾತು. ಎಲ್ಕ್ ನಮ್ಮ ಕಡವೆಯ ಬಳಗದ್ದೇ. ರಾಕಿ ಪರ್ವತದ ಎಲ್ಕ್ ಗಂಡು ಸುಮಾರು 320 ಕೆಜಿ ತೂಗುತ್ತದೆ, ಹೆಣ್ಣು ಸುಮಾರು 225 ಕೆಜಿ. ಕೊಲರಾಡೊದಲ್ಲಿ ಇರುವಷ್ಟು ಎಲ್ಕ್ ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಲ್ಲ. ಅಲ್ಲಿನ ಮೀಕರ್ ಪಟ್ಟಣದ ಸುತ್ತಲಿನ ವೈಟ್ ರಿವರ್ ಹಿಂಡು ಬೇಟೆಗಾರರಲ್ಲಿ ತುಂಬ ಹೆಸರಾದದ್ದು. ಅಲ್ಲಿ ಬೇಟೆ ಸರ್ಕಾರದ ಲೆಕ್ಕಾಚಾರದಲ್ಲೇ ನಡೆಯುತ್ತದೆ. ಯಾವ ವಾರ, ಗಂಡೋ ಹೆಣ್ಣೋ ಎಲ್ಲವೂ ಮೊದಲೇ ನಿಗದಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ ಬೇಟೆ ಅಪರಾಧ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಅಲ್ಲಿಗೆ ಮಾತ್ರ ಅನ್ವಯ.

ಕೊಡಗಿನಲ್ಲೋ ಮಲೆನಾಡಿನಲ್ಲೋ ಬೆಳೆದು ಈಗ ಡೆನ್ವರ್ ಕಡೆ ಇರುವವರಿಗೆ ಕೋವಿ ಹೊಸದಲ್ಲ. ಆದರೆ ನಮ್ಮ ಊರಿನ ತೋಟೆ ಕೋವಿ ಹೆಚ್ಚಾಗಿ ಚರೆ ಹಾರಿಸುವಂಥದ್ದು, ಹತ್ತಿರದ ಈಡಿಗೆ ಮಾಡಿದ್ದು. ಎಲ್ಕ್‌ಗೆ ಬೇಕಾಗುವುದು ರೈಫಲ್. ಒಂದೇ ಗುಂಡು, ಎರಡು ಮೂರು ನೂರು ಗಜ ದೂರ, ಕೈಯಗಲದಷ್ಟು ನಿಖರತೆ. ಲೆಕ್ಕವೇ ಬೇರೆ.

ಇಲ್ಲಿ ಎರಡು ಪದ ಬೆರೆತುಹೋಗುತ್ತವೆ, ಬಿಡಿಸಿಕೊಂಡರೆ ಮುಂದಿನದು ಸಲೀಸು. ತೋಟಾ ಅಂದರೆ ಹಿತ್ತಾಳೆ ಕೊಳವೆ, ಅದರೊಳಗಿನ ಮದ್ದು, ಹಿಂಬದಿಯ ಕೇಪು, ತುದಿಯಲ್ಲಿ ಕೂತ ಗುಂಡು, ಎಲ್ಲ ಸೇರಿದ್ದು. ಗುಂಡು ಅಂದರೆ ನಳಿಗೆಯಿಂದ ಹಾರಿ ಪ್ರಾಣಿಯ ಮೈಯೊಳಗೆ ಹೋಗುವ ಲೋಹದ ತುಂಡು ಮಾತ್ರ. ಜನ ತಲೆ ಕೆಡಿಸಿಕೊಳ್ಳುವುದು ತೋಟಾದ ಬಗ್ಗೆ. ಪ್ರಾಣಿಯೊಳಗೆ ಕೆಲಸ ಮಾಡುವುದು ಗುಂಡು. ಮುಂದೆ ಬರುವ .308, 7 ಎಂಎಂ-08 ಥರದವು ತೋಟಾಗಳ ಹೆಸರು; ಅವುಗಳ ಮೊದಲ ಅಂಕಿ ಸುಮಾರಾಗಿ ಗುಂಡಿನ ವ್ಯಾಸ, ಇಂಚಿನಲ್ಲೋ ಮಿಲಿಮೀಟರಿನಲ್ಲೋ.

ಎಲ್ಕ್ ಸಾಯುವುದು ಹೇಗೆ

ಗುಂಡು ಬಿದ್ದ ಕ್ಷಣ ಎಲ್ಕ್ ನೆಲಕ್ಕೆ ಉರುಳುತ್ತದೆ ಎಂದು ಕಾಯಬೇಡಿ. ಎರಡೂ ಶ್ವಾಸಕೋಶ ತೂತಾದ ಎಲ್ಕ್ ಕೂಡ ಏನೂ ಆಗದ ಹಾಗೆ ನಿಂತಿರಬಹುದು, ಅಥವಾ ನೂರು ಗಜ ಓಡಿ ಬೀಳಬಹುದು. ಅದು ಸಾಯುವುದು ರಕ್ತ ಸೋರಿ, ಉಸಿರಿನ ಚೀಲ ಕುಸಿದು, ಮೆದುಳಿಗೆ ರಕ್ತ ನಿಂತಾಗ. ಇಷ್ಟಾಗಬೇಕಾದರೆ ಗುಂಡು ಎದೆಗೂಡಿನ ಒಳಗೆ ಪೂರ್ತಿ ಹೋಗಬೇಕು, ಹೋಗುವ ದಾರಿಯಲ್ಲಿ ಅರಳಿ ಅಗಲವಾದ ರಂಧ್ರ ಮಾಡಬೇಕು. ಆಚೆ ಬದಿಯಿಂದ ಹೊರಬಂದರೆ ಇನ್ನೂ ಒಳ್ಳೆಯದು, ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ. ಎರಡೇ ಷರತ್ತು: ಸರಿಯಾದ ಜಾಗ, ಸಾಕಷ್ಟು ಆಳ.

ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ಹಿಂಬದಿಯ ಗೆರೆಯನ್ನು ಮೇಲಕ್ಕೆ ಎಳೆದುಕೊಳ್ಳಿ. ಎದೆಯ ಕೆಳ ಅಂಚಿನಿಂದ ಮೂರನೇ ಒಂದು ಭಾಗ ಮೇಲೆ ಗುರಿ ಇಡಿ. ಅಲ್ಲಿ ಸಿಗುವುದು ಶ್ವಾಸಕೋಶ, ಹೃದಯದ ಮೇಲಿನ ದೊಡ್ಡ ರಕ್ತನಾಳಗಳು. ಅದಕ್ಕಿಂತ ಒಂದು ಅಡಿ ಹಿಂದೆ ಬಿದ್ದರೆ ಹೊಟ್ಟೆ. ಒದ್ದೆ ಹುಲ್ಲು ತುಂಬಿದ ಆ ದೊಡ್ಡ ಚೀಲ ಎಂಥ ಗುಂಡನ್ನೂ ನಿಲ್ಲಿಸಿಬಿಡುತ್ತದೆ. ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಬಹಳ ಸಲ ಸಿಗುವುದೇ ಇಲ್ಲ. .338 ಮ್ಯಾಗ್ನಂ ಗುಂಡು ಹೊಟ್ಟೆಗೆ ಬಿದ್ದರೆ ಅದೂ ಹೊಟ್ಟೆಗೆ ಬಿದ್ದ ಗುಂಡೇ. ದೊಡ್ಡ ತೋಟಾ ತಪ್ಪಿದ ಗುರಿಯನ್ನು ಸರಿಮಾಡುವುದಿಲ್ಲ.

ಕೋವಿ ಯಾಕೆ ಒದೆಯುತ್ತದೆ

ಮುಂದಕ್ಕೆ ಹೋದದ್ದಕ್ಕೆ ಸಮನಾಗಿ ಕೋವಿ ಹಿಂದಕ್ಕೆ ಬರುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮವೇ ಇದು. ಆದರೆ ಮುಂದಕ್ಕೆ ಹೋಗುವುದು ಗುಂಡೊಂದೇ ಅಲ್ಲ. ಉರಿದ ಮದ್ದು ಅನಿಲವಾಗಿ, ಗುಂಡಿಗಿಂತ ಜೋರಾಗಿ ನಳಿಗೆಯಿಂದ ನುಗ್ಗುತ್ತದೆ. ಅದರ ತೂಕವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒದೆತ ನಿಂತಿರುವುದು ಗುಂಡಿನ ತೂಕ, ಅದರ ವೇಗ, ಮದ್ದಿನ ತೂಕ, ಕೋವಿಯ ತೂಕ ಈ ನಾಲ್ಕರ ಮೇಲೆ.

ಗುಂಡು, ಮದ್ದು ಎರಡನ್ನೂ ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂಗೆ ಸುಮಾರು ಹದಿನೈದೂವರೆ ಗ್ರೇನ್. 140 ಗ್ರೇನ್ ಗುಂಡು ಅಂದರೆ 9 ಗ್ರಾಂ. ಒದೆತವನ್ನು ಅಳೆಯುವುದು ಅಡಿ-ಪೌಂಡ್ ಎಂಬ ಶಕ್ತಿಯ ಅಳತೆಯಲ್ಲಿ. ದುರ್ಬೀನು ಸೇರಿ 8 ಪೌಂಡ್, ಅಂದರೆ 3.6 ಕೆಜಿ ತೂಗುವ ರೈಫಲ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. 6.5 ಕ್ರೀಡ್‌ಮೂರ್, 7 ಎಂಎಂ-08 ಎರಡೂ 13-14ರ ಸುತ್ತ. 150 ಗ್ರೇನ್ ಗುಂಡಿನ .308 ವಿಂಚೆಸ್ಟರ್ 16. 130 ಗ್ರೇನಿನ .270 ವಿಂಚೆಸ್ಟರ್ 17. 180 ಗ್ರೇನಿನ .30-06 ಸುಮಾರು 22. 180 ಗ್ರೇನಿನ .300 ವಿನ್ ಮ್ಯಾಗ್ (ವಿಂಚೆಸ್ಟರ್ ಮ್ಯಾಗ್ನಂ) 30. 225 ಗ್ರೇನಿನ .338 ವಿನ್ ಮ್ಯಾಗ್ 35 ದಾಟುತ್ತದೆ. 7 ಎಂಎಂ-08ರಿಂದ .300ಗೆ ಹೋದರೆ ಒದೆತ ಎರಡು ಪಟ್ಟಿಗೂ ಜಾಸ್ತಿ.

ಕೋವಿ ಹಗುರವಾದಷ್ಟೂ ಒದೆತ ಏರುತ್ತದೆ. ಅದೇ .300 ಅನ್ನು ಆರೂವರೆ ಪೌಂಡಿನ "ಮೌಂಟನ್ ರೈಫಲ್"ನಲ್ಲಿ ಹಾಕಿದರೆ 30 ಇದ್ದದ್ದು 37 ಆಗುತ್ತದೆ. ಅಂಗಡಿಯಲ್ಲಿ ಎತ್ತಿ ಹಿಡಿದಾಗ ಹಗುರ ಕೋವಿ ಬಹಳ ಖುಷಿ ಕೊಡುತ್ತದೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಏದುಸಿರು ಬಿಡುತ್ತ ನಡೆಯುವಾಗಲೂ ಕೊಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಗುರ ಕೋವಿ, ದೊಡ್ಡ ತೋಟಾ ಇವೆರಡೂ ಒಟ್ಟಿಗೆ ಹೊಸಬರ ಕೈಗೆ ಬರಬಾರದು. ಹಗುರದ್ದೇ ಬೇಕಿದ್ದರೆ ತೋಟಾ ಸಣ್ಣದಿರಲಿ.

ಅನುಭವಿಗಳು ಸಾಮಾನ್ಯವಾಗಿ ಹೇಳುವುದು, ಹೆಚ್ಚಿನವರು ತಡೆದುಕೊಂಡು ಚೆನ್ನಾಗಿ ಹೊಡೆಯಬಲ್ಲ ಮಿತಿ 20ರ ಹತ್ತಿರ ಅಂತ. ನನ್ನನ್ನು ಕೇಳಿದರೆ ವರ್ಷಕ್ಕೆ ಕೆಲವೇ ಸಲ ಗುರಿ ಅಭ್ಯಾಸದ ರೇಂಜಿಗೆ ಹೋಗುವವರಿಗೆ 15ರ ಆಸುಪಾಸು ಒಳ್ಳೆಯದು. ಗಂಡಸರಿಗೆ ಇಷ್ಟು, ಹೆಂಗಸರಿಗೆ ಇಷ್ಟು ಎಂಬ ಭೇದ ಇದರಲ್ಲಿ ಇಲ್ಲ. ಆರಡಿ ಎತ್ತರದ ಗಟ್ಟಿ ಆಳುಗಳು .300ರ ಮುಂದೆ ಬೆಚ್ಚುವುದನ್ನು ರೇಂಜಿನಲ್ಲಿ ಯಾವ ಶನಿವಾರ ಬೇಕಾದರೂ ನೋಡಬಹುದು.

ಬೆಚ್ಚುವುದೇ ನಿಜವಾದ ತೊಂದರೆ. ನೋವು ಅಲ್ಲ. ನೋವಾದರೆ ಗೊತ್ತಾಗುತ್ತದೆ, ಬೆಚ್ಚಿದ್ದು ಗೊತ್ತಾಗುವುದಿಲ್ಲ. ಸದ್ದು, ಏಟು ಎರಡೂ ಅದನ್ನು ಮುಚ್ಚಿಬಿಡುತ್ತವೆ. ಹೊರಗೆ ತರಲು ಒಂದು ಹಳೆಯ ಉಪಾಯ ಇದೆ. ಗೆಳೆಯರೊಬ್ಬರಿಗೆ ಕೋವಿ ಕೊಟ್ಟು ನೀವು ಬೇರೆ ಕಡೆ ನೋಡುತ್ತ ನಿಲ್ಲಿ. ಅವರು ಮನಸ್ಸಿಗೆ ಬಂದ ಹಾಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ತುಂಬಿ, ನಳಿಗೆ ಗುರಿಯ ಕಡೆಗೇ ಇರುವಂತೆ ನಿಮಗೆ ಕೊಡಲಿ. ಒಳಗೆ ಯಾವುದಿದೆ ಅಂತ ನಿಮಗೆ ಗೊತ್ತಿಲ್ಲ. ಉಸಿರು ಬಿಟ್ಟು, ಗುರಿ ಹಿಡಿದು, ಟ್ರಿಗರ್ ಒತ್ತುತ್ತೀರಿ. ಟಕ್ ಅಂತ ಸಣ್ಣ ಸದ್ದು ಮಾತ್ರ. ಆ ಮೌನದಲ್ಲಿ ನಿಮ್ಮ ಮೈ ಏನು ಮಾಡಿತು ಅಂತ ಪಕ್ಕದಲ್ಲಿ ನಿಂತವರು ನೋಡುತ್ತಾರೆ. ನಳಿಗೆಯ ತುದಿ ಮೂರು ನಾಲ್ಕು ಇಂಚು ಕೆಳಗೆ ಕುಕ್ಕಿರುತ್ತದೆ. ಬಲ ಭುಜ ಮುಂದಕ್ಕೆ ನುಗ್ಗಿರುತ್ತದೆ. ಕಣ್ಣು ಮುಚ್ಚಿರುತ್ತದೆ, ಹಲ್ಲು ಕಚ್ಚಿರುತ್ತದೆ. ನಿಜವಾದ ತೋಟಾ ಇದ್ದಾಗಲೂ ಇದೇ ಆಗುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೇ. ನೂರು ಗಜದಲ್ಲಿ ಕಾಗದದ ಮೇಲೆ ಆರೇಳು ಇಂಚು ಪಕ್ಕಕ್ಕೆ ಹೋದ ಗುಂಡಿಗೆ ಕಾರಣ ಬಹಳ ಸಲ ಇದೇ. ಅದೇ ಎಡವಟ್ಟು ಮುನ್ನೂರು ಗಜದಲ್ಲಿ ಮೂರು ಪಟ್ಟಾಗುತ್ತದೆ, ಅಲ್ವಾ? ಶ್ವಾಸಕೋಶಕ್ಕೆ ಹೋಗಬೇಕಾದದ್ದು ಹೊಟ್ಟೆಗೆ ಹೋಗುತ್ತದೆ.

ಗುಂಡಿನ ವಿಷಯ

ಹಾಗಾದರೆ ಸಣ್ಣ ತೋಟಾ ಎಲ್ಕ್‌ಗೆ ಸಾಕಾಗುತ್ತದೆಯೇ? ಉತ್ತರ ಗುಂಡಿನಲ್ಲಿದೆ. ಇದನ್ನು ಎಲ್ಲರಿಗಿಂತ ಮೊದಲು ಕೆಟ್ಟ ಅನುಭವದಿಂದ ಕಲಿತವರಲ್ಲಿ ಜಾನ್ ನಾಸ್ಲರ್ ಒಬ್ಬರು. 1946ರಲ್ಲಿ ಅವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಎಲ್ಕ್‌ಗಿಂತಲೂ ದೊಡ್ಡ ಪ್ರಾಣಿ ಅದು, ಮೈಗೆಲ್ಲ ಒಣಗಿದ ಕೆಸರು ಮೆತ್ತಿತ್ತು. ಅವರ ಕೈಯಲ್ಲಿದ್ದದ್ದು .300 ಎಚ್ ಅಂಡ್ ಎಚ್ ಮ್ಯಾಗ್ನಂ, ಆಗಿನ ಕಾಲಕ್ಕೆ ಭಾರಿ ತೋಟಾ. ಗುಂಡು ಬಿದ್ದರೂ ಪ್ರಾಣಿ ಬೀಳಲಿಲ್ಲ. ವೇಗ ಜಾಸ್ತಿಯಾಗಿ ಗುಂಡುಗಳು ಮೇಲ್ಮೈಯಲ್ಲೇ ಚೂರಾಗುತ್ತಿದ್ದವು, ಒಳಗೆ ಇಳಿಯುತ್ತಿರಲಿಲ್ಲ. ತೋಟಾದಲ್ಲಿ ಶಕ್ತಿ ಬೇಕಾದಷ್ಟಿತ್ತು, ಗುಂಡಿಗೆ ಗಟ್ಟಿತನ ಇರಲಿಲ್ಲ.

ಊರಿಗೆ ಬಂದು ಅವರು ಮಾಡಿದ ಗುಂಡೇ ಪಾರ್ಟಿಷನ್. ಒಂದನ್ನು ಉದ್ದಕ್ಕೆ ಸೀಳಿ ನೋಡಿದರೆ ಉಪಾಯ ತಕ್ಷಣ ಹೊಳೆಯುತ್ತದೆ. ಹೊರಗಿನ ತಾಮ್ರದ ಕವಚ ಮಧ್ಯದಲ್ಲಿ ಒಂದು ಅಡ್ಡಗೋಡೆಯಾಗಿ ಗುಂಡನ್ನು ಎರಡು ಕೋಣೆ ಮಾಡುತ್ತದೆ. ಮುಂದಿನ ಕೋಣೆಯಲ್ಲಿ ಸೀಸ, ಹಿಂದಿನ ಕೋಣೆಯಲ್ಲೂ ಸೀಸ. ಪ್ರಾಣಿಗೆ ತಾಗಿದಾಗ ಮುಂಭಾಗ ಅಣಬೆ ಥರ ಅರಳಿ ಸ್ವಲ್ಪ ಉದುರುತ್ತದೆ. ಗೋಡೆ ಬಂದ ಕೂಡಲೇ ಅರಳುವುದು ನಿಲ್ಲುತ್ತದೆ. ಹಿಂಭಾಗ ಇಡಿಯಾಗಿ ಉಳಿದು ಮುಂದೆ ತಳ್ಳಿಕೊಂಡು ಹೋಗುತ್ತದೆ. ಸುಮಾರು ಮೂರನೇ ಎರಡರಷ್ಟು ತೂಕ ಉಳಿಯುತ್ತದೆ. ಗುಂಡು ಮಾಡಲೆಂದೇ ಅವರು 1948ರಲ್ಲಿ ಆರೆಗನ್ ರಾಜ್ಯದಲ್ಲಿ ಕಂಪನಿ ಶುರು ಮಾಡಿದರು. ಆ ಗುಂಡು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ.

ಆಮೇಲೆ ಬಂದ ಒಳ್ಳೆಯ ಗುಂಡುಗಳೆಲ್ಲ ಇದೇ ಸಮಸ್ಯೆಗೆ ಬೇರೆ ಬೇರೆ ಉತ್ತರ. ಬಾಂಡೆಡ್ ಗುಂಡಿನಲ್ಲಿ ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದಿರುತ್ತಾರೆ, ಮೂಳೆಗೆ ತಾಗಿದರೂ ಎರಡೂ ಬೇರೆಯಾಗುವುದಿಲ್ಲ. ನಾಸ್ಲರ್ ಆಕ್ಯುಬಾಂಡ್, ಫೆಡರಲ್ ಟ್ರೋಫಿ ಬಾಂಡೆಡ್ ಈ ಜಾತಿಯವು. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಅಡ್ಡಗೋಡೆಯೂ ಇದೆ, ಬೆಸುಗೆಯೂ ಇದೆ. ಇನ್ನೊಂದು ದಾರಿ, ಸೀಸವನ್ನೇ ಬಿಟ್ಟು ಪೂರ್ತಿ ತಾಮ್ರದಲ್ಲಿ ಮಾಡುವುದು. ಬಾರ್ನ್ಸ್ ಕಂಪನಿ 1980ರ ದಶಕದ ಕೊನೆಯಲ್ಲಿ ಎಕ್ಸ್ ಗುಂಡನ್ನು ತಂದು ಇದನ್ನು ಬಳಕೆಗೆ ತಂದಿತು. ಇಂಥ ಗುಂಡಿನ ಮೂತಿ ನಾಲ್ಕು ದಳವಾಗಿ ಬಿಚ್ಚಿಕೊಳ್ಳುತ್ತದೆ. ತೂಕ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ.

ಈಗ ಒದೆತದ ಲೆಕ್ಕಕ್ಕೆ ವಾಪಸ್ ಬರೋಣ. ಗುಂಡು ಚೂರಾಗುತ್ತದೆ ಎಂಬ ಭಯದಿಂದಲೇ ಹಿಂದಿನವರು ಭಾರದ ಗುಂಡು ಬೇಕು ಅನ್ನುತ್ತಿದ್ದರು. ಅರ್ಧ ಉದುರಿ ಹೋದರೂ ಉಳಿದರ್ಧ ಕೆಲಸ ಮಾಡಲಿ ಅಂತ. .308ರಲ್ಲಿ 180 ಗ್ರೇನ್ ಹಾಕುತ್ತಿದ್ದದ್ದು ಅದಕ್ಕೇ. ತೂಕವೇ ಉದುರದ ಗುಂಡು ಇದ್ದರೆ ಅಷ್ಟು ಭಾರ ಯಾಕೆ ಬೇಕು? 150 ಗ್ರೇನಿನ ತಾಮ್ರದ ಗುಂಡು ಎಲ್ಕ್ ಎದೆಯೊಳಗೆ ಹೆಚ್ಚುಕಡಿಮೆ 150 ಗ್ರೇನ್ ಆಗಿಯೇ ಉಳಿಯುತ್ತದೆ. ಮೂರನೇ ಒಂದು ಭಾಗ ಕಳೆದುಕೊಂಡ 180 ಗ್ರೇನ್ ಗುಂಡಿಗೆ ಉಳಿಯುವುದು 120. ಅಂದರೆ ಒಳ್ಳೆಯ ಗುಂಡಿಗೆ ಜಾಸ್ತಿ ದುಡ್ಡು ಕೊಟ್ಟರೆ ಹಗುರ ಗುಂಡು ಹಾಕಬಹುದು, ಹಗುರ ಗುಂಡು ಹಾಕಿದರೆ ಒದೆತ ಇಳಿಯುತ್ತದೆ. ಹೆಗಲಿನ ಮೇಲೆ ಬೀಳುತ್ತಿದ್ದ ಖರ್ಚು ಜೇಬಿನ ಮೇಲೆ ಬೀಳುತ್ತದೆ. ಬೇಟೆಗೆ ಬೇಕಾಗುವ ತೋಟಾ ಎಷ್ಟು ಮಹಾ? ಪೆಟ್ರೋಲಿಗೆ, ಪರವಾನಗಿಗೆ ಕೊಟ್ಟಿದ್ದರ ಮುಂದೆ ಅದು ಏನೂ ಅಲ್ಲ.

ತಾಮ್ರದ ಗುಂಡಿಗೆ ಎರಡು ಕಟ್ಟುಪಾಡು ಇದೆ. ಒಂದು, ಅದು ಅರಳಲು ವೇಗ ಬೇಕು. ಪ್ರಾಣಿಗೆ ತಾಗುವಾಗ ಸೆಕೆಂಡಿಗೆ 2000 ಅಡಿಗಿಂತ ಕಡಿಮೆ ಇರದಂತೆ ನೋಡಿಕೊಳ್ಳುವುದು ಕ್ಷೇಮ. ನಿಧಾನವಾದರೆ ಬಿಚ್ಚಿಕೊಳ್ಳದೆ ಸೂಜಿ ಗಾತ್ರದ ತೂತು ಮಾಡಿ ಹೋಗಿಬಿಡಬಹುದು. ಸೀಸದ ಬಾಂಡೆಡ್ ಗುಂಡುಗಳಿಗೆ ಸಾಮಾನ್ಯವಾಗಿ 1800ರ ಸುತ್ತ ಸಾಕು. ಇನ್ನೊಂದು, ತಾಮ್ರ ಸೀಸಕ್ಕಿಂತ ಹಗುರ ಲೋಹವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಎಲ್ಲ ನಳಿಗೆಗೂ ಒಂದೇ ಥರ ಒಗ್ಗುವುದಿಲ್ಲ. ನಿಮ್ಮ ಕೋವಿಯಲ್ಲಿ ಹೊಡೆದು ನೋಡಿಯೇ ತೀರ್ಮಾನಿಸಬೇಕು.

ಸೀಸದ ಇನ್ನೊಂದು ವಿಷಯವನ್ನು ಬಿಡುವ ಹಾಗಿಲ್ಲ. ಚೂರಾದ ಸೀಸ ಗಾಯದಿಂದ ದೂರ ಹರಡಿ ಮಾಂಸದಲ್ಲಿ ಸೇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ. ಆ ಮಾಂಸವನ್ನು ಮನೆಯಲ್ಲಿ ಮಕ್ಕಳು, ಬಸುರಿಯರು ತಿನ್ನುತ್ತಾರೆ. ಬೇಟೆಗಾರರು ಕಾಡಿನಲ್ಲಿ ಬಿಟ್ಟ ಕರುಳು, ಅವಶೇಷ ತಿಂದು ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸತ್ತದ್ದು ಚೆನ್ನಾಗಿ ದಾಖಲಾಗಿದೆ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷೇಧಿಸಿತು. ಕೊಲರಾಡೊದಲ್ಲಿ ಅಂಥ ಕಡ್ಡಾಯ ಇಲ್ಲ. ಆದರೂ ಮನೆಮಂದಿಗೆ ಉಣಿಸುವ ಮಾಂಸಕ್ಕೆ ನಾನು ತಾಮ್ರವನ್ನೇ ಆರಿಸುತ್ತೇನೆ.

ಹಾಗಾದರೆ ಯಾವ ತೋಟಾ

ಹೊಸಬರಿಗೆ ನನ್ನ ಮೊದಲ ಆಯ್ಕೆ 7 ಎಂಎಂ-08 ರೆಮಿಂಗ್ಟನ್. .308ರ ಕೊಳವೆಯ ಕುತ್ತಿಗೆಯನ್ನು 7 ಮಿಲಿಮೀಟರ್ ಗುಂಡಿಗೆ ತಕ್ಕಂತೆ ಕಿರಿದು ಮಾಡಿ 1980ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. 140 ಗ್ರೇನಿನ ಬಾಂಡೆಡ್ ಅಥವಾ ತಾಮ್ರದ ಗುಂಡನ್ನು ಸೆಕೆಂಡಿಗೆ ಸುಮಾರು 2800 ಅಡಿ ವೇಗದಲ್ಲಿ ಕಳಿಸುತ್ತದೆ. ಮೂತಿ ಚೂಪಾದ ಒಳ್ಳೆಯ ಗುಂಡಾದರೆ 300 ಗಜದಲ್ಲೂ 1600 ಅಡಿ-ಪೌಂಡ್ ಶಕ್ತಿ ಉಳಿದಿರುತ್ತದೆ. ಎಲ್ಕ್‌ಗೆ 1500 ಬೇಕು ಅನ್ನುವ ಹಳೆಯ ರೂಢಿಯ ಮಾತೊಂದಿದೆ. ಅದಕ್ಕೆ ದೊಡ್ಡ ಆಧಾರವೇನೂ ಇಲ್ಲ, ಶಕ್ತಿಯ ಅಂಕಿ ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಕೊಲ್ಲುತ್ತದೆ. ಆದರೂ ಆ ಮಾತನ್ನು ನಂಬುವವರಿಗೂ ಇದು ಸಾಕು.

ಇದನ್ನೇ .300 ವಿನ್ ಮ್ಯಾಗ್ ಪಕ್ಕ ಇಟ್ಟು ನೋಡಿ. ಎರಡನ್ನೂ 200 ಗಜಕ್ಕೆ ಗುರಿ ಕೂರಿಸಿದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ದುರ್ಬೀನು ಹೊಂದಿಸಿದರೆ, 300 ಗಜದಲ್ಲಿ 7 ಎಂಎಂ-08 ಗುಂಡು ಏಳು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, .300 ಗುಂಡು ಆರೂವರೆ ಇಂಚಿನ ಆಸುಪಾಸು. ವ್ಯತ್ಯಾಸ ಒಂದು ಇಂಚು. ಆ ಒಂದು ಇಂಚಿಗಾಗಿ ಪ್ರತಿ ಈಡಿಗೂ ಹೆಗಲು ಎರಡು ಪಟ್ಟು ಏಟು ತಿನ್ನಬೇಕು. 500 ಗಜದಾಚೆ ಹೊಡೆಯುವವರಿಗೆ ಮ್ಯಾಗ್ನಂ ಅರ್ಥಪೂರ್ಣ. ಆದರೆ ಮೊದಲ ವರ್ಷವೇ 500 ಗಜದ ಪ್ರಾಣಿಗೆ ಗುರಿ ಇಡುವ ಹಕ್ಕು ಯಾರಿಗೂ ಇಲ್ಲ ಎಂದೇ ನಾನು ಹೇಳುತ್ತೇನೆ.

.308 ವಿಂಚೆಸ್ಟರ್ ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಒದೆತ ಒಂದು ಚೂರು ಜಾಸ್ತಿ. ಅದಕ್ಕೆ ಪ್ರತಿಯಾಗಿ ಒಂದು ದೊಡ್ಡ ಅನುಕೂಲ ಇದೆ: ತೋಟಾ ಎಲ್ಲೆಡೆ ಸಿಗುತ್ತದೆ. ವಿಮಾನದಲ್ಲಿ ಬ್ಯಾಗು ಕಳೆದುಹೋಗಿ ಸಣ್ಣ ಪಟ್ಟಣದ ಹಾರ್ಡ್‌ವೇರ್ ಅಂಗಡಿಗೆ ಓಡಬೇಕಾಗಿ ಬಂದರೆ ಅಲ್ಲಿ .308, .30-06 ಇರುತ್ತವೆ, 7 ಎಂಎಂ-08 ಇರುತ್ತದೆ ಎಂಬ ಭರವಸೆ ಇಲ್ಲ. 150 ಗ್ರೇನಿನ ತಾಮ್ರ ಅಥವಾ 165 ಗ್ರೇನಿನ ಬಾಂಡೆಡ್ ಇದಕ್ಕೆ ಸರಿ.

.270 ವಿಂಚೆಸ್ಟರ್ 1925ರಿಂದ ಈ ಬೆಟ್ಟಗಳಲ್ಲಿ ಎಲ್ಕ್ ಹೊಡೆಯುತ್ತ ಬಂದಿದೆ. 130 ಗ್ರೇನಿನ ತಾಮ್ರ ಅಥವಾ 150 ಗ್ರೇನಿನ ಪಾರ್ಟಿಷನ್ ಹಾಕಿ, ಅಷ್ಟು ಸಾಕು. 1906ರ .30-06 ನಿಮ್ಮ ಮಾವನದ್ದೋ ಗೆಳೆಯರದ್ದೋ ಮನೆಯಲ್ಲಿ ಈಗಾಗಲೇ ಇದ್ದರೆ ಹೊಸ ಕೋವಿ ಕೊಳ್ಳುವ ಅಗತ್ಯವೇ ಇಲ್ಲ. 180ರ ಬದಲು 150 ಗ್ರೇನಿನ ತಾಮ್ರದ ಗುಂಡು ಹಾಕಿದರೆ ಒದೆತ ಗಮನಕ್ಕೆ ಬರುವಷ್ಟು ಇಳಿಯುತ್ತದೆ.

6.5 ಕ್ರೀಡ್‌ಮೂರ್ ಬಗ್ಗೆ ಜಗಳ ಜೋರು. 2007ರಲ್ಲಿ ಹಾರ್ನಡಿ ಕಂಪನಿ ಇದನ್ನು ತಂದದ್ದು ಗುರಿ ಸ್ಪರ್ಧೆಗೆ. ಒದೆತ ಹಿತವಾಗಿದೆ, ನಿಖರತೆ ಅದ್ಭುತ. "ಎಲ್ಕ್‌ಗೆ ಸಾಲದು" ಅನ್ನುವವರು ಸ್ವೀಡನ್ ಕಡೆ ನೋಡಬೇಕು. ಅಲ್ಲಿನವರು 1894ರ 6.5x55 ತೋಟಾದಿಂದ, ಇದೇ ಗಾತ್ರದ ಉದ್ದನೆ ಗುಂಡಿನಿಂದ, ನೂರಕ್ಕೂ ಹೆಚ್ಚು ವರ್ಷ ಮೂಸ್ ಹೊಡೆದಿದ್ದಾರೆ. ಗುಂಡು ತೆಳ್ಳಗೆ, ಉದ್ದವಾಗಿ ಇರುವುದರಿಂದ ಆಳಕ್ಕೆ ಇಳಿಯುತ್ತದೆ. ಆದರೆ ರಂಧ್ರ ಸಣ್ಣದು, ರಕ್ತದ ಜಾಡು ಕಡಿಮೆ. ಹಾಗಾಗಿ 300 ಗಜದೊಳಗೆ, ಪ್ರಾಣಿ ಅಡ್ಡ ನಿಂತಾಗ ಮಾತ್ರ ಎಂಬ ಶಿಸ್ತು ಇದ್ದವರಿಗೆ ಇದು ಸರಿ. ಸ್ಪರ್ಧೆಗೆಂದು ಮಾಡಿದ ತೆಳು ಕವಚದ ಗುಂಡನ್ನು ಮಾತ್ರ ಇದರಲ್ಲಿ ಹಾಕಿ ಎಲ್ಕ್‌ಗೆ ಹೊಡೆಯಬೇಡಿ.

.243 ವಿಂಚೆಸ್ಟರ್ ಕೊಲರಾಡೊದಲ್ಲಿ ಕಾನೂನಿಗೆ ಒಪ್ಪಿಗೆ. ಎಲ್ಕ್‌ಗೆ ಗುಂಡಿನ ವ್ಯಾಸ ಕನಿಷ್ಠ .24 ಇಂಚು, ತೂಕ ಕನಿಷ್ಠ 85 ಗ್ರೇನ್ ಇರಬೇಕು, ಅರಳುವ ಗುಂಡಾಗಿರಬೇಕು, 100 ಗಜದಲ್ಲಿ 1000 ಅಡಿ-ಪೌಂಡ್ ಉಳಿದಿರಬೇಕು ಎಂಬುದು ಅಲ್ಲಿನ ನಿಯಮ. ಒದೆತ ಅತಿ ಕಡಿಮೆ ಅಂತ ಮಕ್ಕಳಿಗೆ ಇದನ್ನು ಕೊಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅನುಭವಿಯ ಕೈಯಲ್ಲಿ ಅದು ಕೆಲಸ ಮಾಡುತ್ತದೆ. ಕೋನ ಒಂದಿಷ್ಟು ತಪ್ಪಿದರೆ ಭುಜದ ಮೂಳೆ ದಾಟಿ ಒಳಗಿಳಿಯುವಷ್ಟು ಮಿಗಿಲು ಬಲ ಅದಕ್ಕಿಲ್ಲ.

ಒದೆತ ಇಳಿಸುವ ಬೇರೆ ದಾರಿ

ಕೋವಿಯ ಹಿಡಿ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗ, ನಿಮ್ಮ ತೋಳಿನ ಉದ್ದಕ್ಕೆ ಸರಿಯಾಗಿರಬೇಕು. ಅಮೆರಿಕದ ಕೋವಿಗಳು ಅವರ ಮೈಕಟ್ಟಿಗೆ ಮಾಡಿದವು. ಐದೂಕಾಲು ಅಡಿಯವರಿಗೆ ಬಹಳ ಸಲ ಹಿಡಿ ಉದ್ದವಾಗುತ್ತದೆ. ಆಗ ಕುತ್ತಿಗೆ ಚಾಚಬೇಕು, ಹಿಡಿ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಕೂರುತ್ತದೆ, ಅದೇ ಒದೆತ ಇಮ್ಮಡಿ ನೋಯಿಸುತ್ತದೆ. ಹಿಡಿ ಕೊಯ್ಯಿಸಿ, ಮೆತ್ತನೆ ರಬ್ಬರ್ ಪ್ಯಾಡ್ ಹಾಕಿಸಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ದುರ್ಬೀನನ್ನು ಕಣ್ಣಿನಿಂದ ಮೂರೂವರೆ ಇಂಚಾದರೂ ದೂರ ಕೂರಿಸಿ. ಹುಬ್ಬಿನ ಮೇಲೆ ಒಮ್ಮೆ ಬಿದ್ದರೆ ಬೆಚ್ಚುವ ಅಭ್ಯಾಸ ವರ್ಷಗಟ್ಟಲೆ ಹೋಗುವುದಿಲ್ಲ.

ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಒದೆತವನ್ನು ನಿಜಕ್ಕೂ ಇಳಿಸುತ್ತದೆ. ಆದರೆ ಅನಿಲವನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸುವುದರಿಂದ ಸದ್ದು ಹೊಡೆಯುವವರ ಕಿವಿಗೇ ಬರುತ್ತದೆ. ರೈಫಲ್ ಸದ್ದು ಹಾಗೇ 160 ಡೆಸಿಬಲ್ ಸುತ್ತ ಇರುತ್ತದೆ, ಕಿವಿಗೆ ಹಾನಿಯಾಗಲು 140 ಸಾಕು. ಬೇಟೆಯ ಗಡಿಬಿಡಿಯಲ್ಲಿ ಕಿವಿಗೆ ಮುಚ್ಚುಗೆ ಹಾಕಲು ಮರೆತರೆ ಆ ಒಂದೇ ಈಡು ಜನ್ಮಪೂರ್ತಿ ಕಿವಿಯಲ್ಲಿ ಗುಂಯ್‌ಗುಡಬಹುದು. ಸೈಲೆನ್ಸರ್ ಸದ್ದನ್ನೂ ಒದೆತವನ್ನೂ ಎರಡನ್ನೂ ಇಳಿಸುತ್ತದೆ. ಕೊಲರಾಡೊದಲ್ಲಿ ಬೇಟೆಗೆ ಅದು ಕಾನೂನುಬದ್ಧ. ಅದಕ್ಕೆ ಬೇರೆ ಕಾಗದಪತ್ರ ಬೇಕು.

ಅಭ್ಯಾಸದಲ್ಲಿ ಹೆಚ್ಚಿನದನ್ನು .22 ರೈಫಲ್‌ನಲ್ಲಿ ಮಾಡಿ. ಒದೆತವೇ ಇಲ್ಲ, ತೋಟಾ ಅಗ್ಗ, ಟ್ರಿಗರ್ ಒತ್ತುವ ಬೆರಳು ಅದರಲ್ಲೇ ಪಳಗುತ್ತದೆ. ದೊಡ್ಡ ಕೋವಿಯಲ್ಲಿ ಒಂದು ಸಲಕ್ಕೆ ಹದಿನೈದು ಇಪ್ಪತ್ತು ಈಡು ಸಾಕು. ಹೆಗಲು ನೋಯಲು ಶುರುವಾದ ಮೇಲೆ ಹೊಡೆದ ಪ್ರತಿ ಈಡೂ ಬೆಚ್ಚುವುದನ್ನೇ ಕಲಿಸುತ್ತದೆ. ಮೇಜಿನ ಮೇಲೆ ಕೋವಿ ಇಟ್ಟು ಹೊಡೆಯುವುದು ದುರ್ಬೀನು ಸರಿಮಾಡಿಕೊಳ್ಳಲು ಮಾತ್ರ. ಬೆಟ್ಟದಲ್ಲಿ ಮೇಜು ಇರುವುದಿಲ್ಲ. ಕೂತು, ಮಂಡಿಯೂರಿ, ಕೋಲಿಗೆ ಆನಿಸಿ, ಬ್ಯಾಗಿನ ಮೇಲೆ ಇಟ್ಟು ಹೊಡೆದು ಕಲಿಯಬೇಕು.

ನಿಮ್ಮ ದೂರದ ಮಿತಿ ಎಷ್ಟು ಅಂತ ಕಂಡುಕೊಳ್ಳಲು ಊಟದ ಪೇಪರ್ ತಟ್ಟೆ ಸಾಕು, ಒಂಬತ್ತು ಇಂಚಿನದ್ದು. ರೇಂಜಿಗೆ ಹೋದ ಕೂಡಲೇ, ನಳಿಗೆ ತಣ್ಣಗಿರುವಾಗ, ಕೂತು ಒಂದೇ ಈಡು ಹೊಡೆಯಿರಿ. ಬೇರೆ ಬೇರೆ ದಿನ ಹೀಗೇ ಮಾಡಿ. ಆ ಮೊದಲ ಈಡು ಪ್ರತಿ ಸಲವೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ಅದು 200 ಗಜವಾದರೆ ಈ ವರ್ಷ 200 ಗಜ. 250ರಲ್ಲಿ ಎಂಥ ಕೊಂಬಿನ ಗಂಡು ನಿಂತರೂ ಹತ್ತಿರ ಹೋಗಬೇಕು, ಇಲ್ಲವೇ ಬಿಡಬೇಕು.

ಕನ್ನಡಿಗರಲ್ಲಿ ಬಹಳ ಮಂದಿಗೆ ತಾಗುವ ಕಾನೂನಿನ ವಿಷಯ ಒಂದಿದೆ. ಎಚ್-1ಬಿ ಥರದ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಗೆಳೆಯರ ಕೋವಿ ಕೈಗೆ ತೆಗೆದುಕೊಂಡರೂ ಅದೇ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಕೋವಿ ಮುಟ್ಟುವ ಮೊದಲು ಪರವಾನಗಿ ಕೈಯಲ್ಲಿರಲಿ, ಅನುಮಾನ ಇದ್ದರೆ ವಕೀಲರನ್ನು ಕೇಳಿ. ಜೊತೆಗೆ, 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಕೊಲರಾಡೊದಲ್ಲಿ ಬೇಟೆ ಶಿಕ್ಷಣದ ತರಗತಿ ಮುಗಿಸದೆ ಸಾಮಾನ್ಯವಾಗಿ ಪರವಾನಗಿ ಸಿಗುವುದಿಲ್ಲ.

ಬೇಸಿಗೆಯಲ್ಲೇ ಎರಡು ಮೂರು ಬಗೆಯ ಗುಂಡಿನ ಒಂದೊಂದು ಡಬ್ಬಿ ತಂದು ನಿಮ್ಮ ಕೋವಿಯಲ್ಲಿ ಹೊಡೆದು ನೋಡಿ. ಯಾವುದು ಒತ್ತೊತ್ತಾಗಿ ಬೀಳುತ್ತದೋ ಅದನ್ನೇ, ಡಬ್ಬಿಯ ಮೇಲಿನ ಲಾಟ್ ಸಂಖ್ಯೆ (ಒಂದೇ ಕಂತಿನಲ್ಲಿ ತಯಾರಾದದ್ದರ ಗುರುತು) ಒಂದೇ ಇರುವಂತೆ ನೋಡಿಕೊಂಡು, ನಾಲ್ಕೈದು ಡಬ್ಬಿ ಕೊಂಡಿಡಿ. ಸೆಪ್ಟೆಂಬರ್ ಹೊತ್ತಿಗೆ ಅಂಗಡಿಯ ಶೆಲ್ಫ್ ಖಾಲಿಯಾಗಿರುತ್ತದೆ. ಬೇಟೆಗೆ ಒಯ್ಯುವ ಅದೇ ತೋಟಾದಿಂದ ದುರ್ಬೀನನ್ನು 200 ಗಜಕ್ಕೆ ಕೂರಿಸಿ. ಬೆಟ್ಟದ ಬುಡ ತಲುಪಿದ ಮೇಲೆ, ದಾರಿಯ ಕುಲುಕಾಟದಲ್ಲಿ ಏನಾದರೂ ಸರಿದಿದೆಯೇ ಅಂತ ಎರಡು ಈಡು ಹೊಡೆದು ನೋಡಿಕೊಂಡೇ ಡೇರೆ ಹಾಕಿ.